ಬೋಂಡಾಳ ಬಾಣಂತನ

ಎರಡೂ ಗಂಡೇ ಎಂದು ಶೀನಣ್ಣ ಎದೆ ಮುಟ್ಟಿಕೊಂಡು ಹೇಳಿದ್ದ. ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ ಮೀನು, ಲವ್‌ಬರ್ಡ್ಸ್, ಮೊಲ ಮಾರುವ ಅಂಗಡಿ ಅವನದು. ಅವನ ಮಾತು ನಂಬಿ ನನ್ನ ಗಂಡ ಶ್ರೀಹರಿ ಎರಡು ಹ್ಯಾಮ್‌ಸ್ಟರ್‌ಗಳನ್ನು ಶೂ ಡಬ್ಬದಲ್ಲಿ ಹಾಕಿಕೊಂಡು, ತಂತಿಯ ಗೂಡೊಂದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ಬಂದರು. 2004ನೇ ಇಸವಿ, ಜೂನ್ ತಿಂಗಳು, ನಮ್ಮ ಮಗಳು ಧೃತಿಗೆ ಒಂಬತ್ತು ತುಂಬಿದ ದಿನ. ಪಾಪ, ಅವಳು ಕೇಳಿದ್ದು ಹ್ಯಾಮ್‌ಸ್ಟರ್ ಅಲ್ಲ. ತಮ್ಮನೋ ತಂಗಿಯೋ ಬೇಕೆಂದು ಎರಡು ವರ್ಷದಿಂದ ನನ್ನ ಪ್ರಾಣ ತಿನ್ನುತ್ತಿದ್ದಳು. ನನಗೆ ಇನ್ನೊಂದು ಬೇಡವಾಗಿತ್ತು. ದಿನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಂದು, ಮಡಿಯ ಅತ್ತೆಯ ಹಿಂದೆ ಮುಂದೆ ಓಡಾಡಿ, ಮತ್ತೆ ರಾತ್ರಿಯಿಡೀ ತೊಟ್ಟಿಲು ತೂಗುವುದು ನನ್ನಿಂದಾಗದು ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದೆ. ಅದರ ಬದಲಿಗೆ ಬಂದವು ಇವು.

"ದುಡ್ಡು ಕೊಟ್ಟು ಇಲಿ ತಂದ್ಯೇನೋ?" ಎಂದರು ಅತ್ತೆ.

"ಇಲಿ ಅಲ್ಲ ಅಜ್ಜಿ, ಹ್ಯಾಮ್‌ಸ್ಟರ್. ಬಾಲ ಇದ್ಯಾ ನೋಡಿ."

"ಬಾಲ ಕಳ್ಕೊಂಡಿರೋ ಇಲಿ."

ಕಡಲೆಕಾಳನ್ನು ಕೆನ್ನೆಗೆ ತುರುಕಿಕೊಂಡು ಮುಖ ಊದಿಸುತ್ತಿದ್ದ ಒಂದಕ್ಕೆ ಧೃತಿ ಬೋಂಡಾ ಎಂದು ಹೆಸರಿಟ್ಟಳು. ಇನ್ನೊಂದು ಸುತ್ತಿಕೊಂಡು ಮಲಗುತ್ತಿತ್ತು, ಅದು ಚಕ್ಕುಲಿ. ನಾಗಸಂದ್ರ ರಸ್ತೆಯ ನಮ್ಮ ಹಳೆಯ ಮನೆಯ ಹಿತ್ತಿಲ ಜಗಲಿಯಲ್ಲಿ, ಬಚ್ಚಲಿನ ಪಕ್ಕ, ಗೂಡಿಗೆ ಜಾಗ ಮಾಡಿದೆವು. ಬಡಗಿಯ ಅಂಗಡಿಯಿಂದ ಮರದ ಹೊಟ್ಟು ತಂದು ಹಾಸಿದೆವು. ಮಗಳು ತಮ್ಮನ ಮಾತೆತ್ತುವುದನ್ನು ನಿಲ್ಲಿಸಿದಳು. ನಾನು ನೆಮ್ಮದಿಯ ಉಸಿರು ಬಿಟ್ಟೆ.

ಮೂರು ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಧೃತಿ ಯೂನಿಫಾರಂ ಗುಂಡಿ ಹಾಕಿಕೊಳ್ಳುವುದನ್ನೂ ಬಿಟ್ಟು ಕೂಗುತ್ತಾ ಓಡಿ ಬಂದಳು. ಹೊಟ್ಟಿನ ಮೂಲೆಯಲ್ಲಿ ಎಂಟು ಮರಿ. ಕಣ್ಣಿಲ್ಲ, ಕೂದಲಿಲ್ಲ, ಗುಲಾಬಿ ಬಣ್ಣದ ಚರ್ಮ ಅಷ್ಟೇ. ಗಂಡಂತೆ ಗಂಡು! ಶೀನಣ್ಣನ ಏಳು ತಲೆಮಾರನ್ನೂ ನಾನು ಬೈದೆ. ಧೃತಿಯನ್ನು ಶಾಲೆಗೆ ಹೊರಡಿಸುವುದೇ ದೊಡ್ಡ ರಂಪವಾಯಿತು.

ಅತ್ತೆ ಸ್ನಾನ ಮುಗಿಸಿ ಬಂದವರು ಗೂಡಿನ ಮುಂದೆ ನಿಂತರು. ಅವರದು ನಾಲ್ಕು ಸೊಸೆ–ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ.

"ಹೆತ್ತ ಜಾಗ ಹೀಗೇ ಬಿಡ್ತಾರೇನೇ ಶೈಲಜಾ? ದೇವರ ಮನೆ ನಾಲ್ಕು ಹೆಜ್ಜೆ ಆಚೆಗಿದೆ, ಪುರುಡು ಅನ್ನೋದು ಇಲ್ವಾ? ಆ ಬಾಣಂತಿಗಾದ್ರೂ ಒಣಗಿದ ಜಾಗ ಬೇಡ್ವಾ?"

ಇಲಿ ಎಂದು ಮೂಗು ಮುರಿಯುತ್ತಿದ್ದವರ ಬಾಯಲ್ಲಿ ಬಾಣಂತಿ ಎಂಬ ಮಾತು ಕೇಳಿ ನನಗೆ ನಗು ಬಂತು. ನಗುತ್ತಲೇ ಬ್ಯಾಂಕಿಗೆ ಹೊರಟೆ. ಅವರು ಆಮೇಲೆ ಮಾಡಿದ್ದೆಲ್ಲ ಅಕ್ಕರೆಯಿಂದಲೇ. ಮೊರದ ಮೇಲೆ ಹಳೆಯ ಸೀರೆಯ ತುಂಡು ಹಾಸಿ, ಮರಿಗಳನ್ನು ಒಂದೊಂದಾಗಿ ಎತ್ತಿ ಮಲಗಿಸಿದರು. ಹಳೆಯ ಹೊಟ್ಟನ್ನು ಸುರಿದು ಗೂಡನ್ನು ಬಿಸಿನೀರಿನಲ್ಲಿ ಉಜ್ಜಿದರು. ಅರಿಶಿನದ ನೀರು ಚಿಮುಕಿಸಿದರು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ನನಗೂ ನನ್ನ ನಾದಿನಿಯರಿಗೂ ತಲೆಗೂದಲಿಗೆ ಹಿಡಿದಂತೆ, ಗೂಡಿಗೂ ಮರಿಗಳಿಗೂ ಧೂಪ ಹಿಡಿದರು. ಹೊಸ ಹೊಟ್ಟು ಹಾಕಿ, ಬೋಂಡಾಳ ಮುಂದೆ ತುಪ್ಪ ಕಲಸಿದ ಅನ್ನದ ಉಂಡೆ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಬೋಂಡಾ ಅನ್ನ ಮುಟ್ಟಿರಲಿಲ್ಲ. ಮರಿಗಳನ್ನು ತಿಂದಿದ್ದಳು.

ಸಂಜೆ ನಾನು ಬರುವಾಗ ಧೃತಿಯ ಅಳು ಗೇಟಿನ ತನಕ ಕೇಳುತ್ತಿತ್ತು. ಶಾಲೆಯಿಂದ ಬಂದವಳೇ ಬ್ಯಾಗ್ ಸಮೇತ ಗೂಡಿಗೆ ಓಡಿದ್ದಾಳೆ. ಅಲ್ಲಿ ಒಂದು ಮರಿಯ ಅರ್ಧ ಉಳಿದಿತ್ತಂತೆ. ವಾಂತಿ ಮಾಡಿಕೊಂಡು, ಮೈ ಬಿಸಿ ಮಾಡಿಕೊಂಡು, ರಾತ್ರಿ ಊಟ ಬಿಟ್ಟು ಮಲಗಿತು ಮಗು. ಅತ್ತೆಯೂ ಊಟ ಬಿಟ್ಟರು.

ಮರುದಿನ ಶೀನಣ್ಣನ ಅಂಗಡಿಗೆ ಜಗಳಕ್ಕೇ ಹೋದೆ.

"ಅಯ್ಯೋ ಅಕ್ಕ, ಮುಟ್ಟಿದ್ರಾ?" ಎಂದು ಅವನೇ ತಲೆ ಚಚ್ಚಿಕೊಂಡ. "ಹೆತ್ತ ಮೇಲೆ ಹತ್ತು ದಿನ ಆ ಗೂಡಿನ ಕಡೆ ತಿರುಗೂ ನೋಡ್ಬಾರ್ದು. ಕಾಳು ಹಾಕಿ ನೀರಿಟ್ಟು ಸುಮ್ನೆ ಬಂದ್ಬಿಡ್ಬೇಕು. ಮರಿ ವಾಸನೆ ಬದಲಾಯ್ತು, ತಾಯಿಗೆ ಗಾಬರಿ ಆಯ್ತು ಅಂದ್ರೆ ತಿಂದ್ಬಿಡುತ್ತೆ."

ಹತ್ತು ದಿನ. ಲೆಕ್ಕ ನಮ್ಮ ಪುರುಡಿನದೇ, ಮಾಡಬೇಕಾದದ್ದು ಮಾತ್ರ ಪೂರಾ ತಲೆಕೆಳಗು. ಮನೆಗೆ ಬಂದು ಹೇಳಿದಾಗ ಅತ್ತೆ ತಮ್ಮ ಅಂಗೈಗಳನ್ನೇ ನೋಡುತ್ತಾ ಕೂತರು. "ಕೈಯಾರೆ ಮಾಡ್ದೆನಲ್ಲೇ," ಎಂದರು. ಅಂದಿನಿಂದ ಅವರು ಗೂಡಿನ ಹತ್ತಿರ ಸುಳಿಯಲಿಲ್ಲ. ಮನೆಯಲ್ಲಿ ಸಾಂಬ್ರಾಣಿ ಶುಕ್ರವಾರ ಸಂಜೆ ದೇವರ ಮನೆಗಷ್ಟೇ ಸೀಮಿತವಾಯಿತು.

ಧೃತಿ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಪಕ್ಕ ಬಂದು ಮಲಗಿದಳು. "ಅಮ್ಮ, ನಾನು ಹುಟ್ಟಿದಾಗ ಆಸ್ಪತ್ರೇಲಿ ಯಾರಾದ್ರೂ ಗಲಾಟೆ ಮಾಡಿದ್ರಾ?"

"ಇಲ್ಲ ಕಣೇ."

"ಸದ್ಯ," ಎಂದು ನನ್ನ ಹೊಟ್ಟೆಯ ಮೇಲೆ ಕೈ ಹಾಕಿಕೊಂಡಳು.

ಮುಂದಿನ ಸಲ ನಾವು ಯಾರೂ ಗೂಡಿನ ಕಡೆ ತಿರುಗಿ ನೋಡಲಿಲ್ಲ. ಎಂಟಕ್ಕೆ ಎಂಟೂ ಬದುಕಿದವು. ಧೃತಿಗೆ ಹಬ್ಬವೋ ಹಬ್ಬ. ಅವು ಕಣ್ಣು ಬಿಟ್ಟು ಓಡಾಡುವಷ್ಟರಲ್ಲಿ ಬೋಂಡಾ ಮತ್ತೆ ಒಂಬತ್ತು ಹಾಕಿದಳು. ಚಕ್ಕುಲಿಯನ್ನು ಬೇರೆ ಗೂಡಿಗೆ ಹಾಕಿದೆವು. ಮರಿಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ನಾನೂ ಶ್ರೀಹರಿಯೂ ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಅಂಗಾತ ತಿರುಗಿಸಿ ನೋಡಿ ಎರಡು ಗುಂಪು ಮಾಡಿದೆವು. ಮುಂದಿನ ತಿಂಗಳು ನಮ್ಮ ಗಂಡಸರ ಗೂಡಿನಲ್ಲಿ ಆರು ಮರಿ ಹುಟ್ಟಿದವು. ಮರಿಗಳು ಮರಿ ಹಾಕಲು ಶುರು ಮಾಡಿದ್ದವು. ಹೆಣ್ಣೆಂದು ಬೋಂಡಾಳ ಜೊತೆ ಬಿಟ್ಟವುಗಳಲ್ಲೂ ಗಂಡಿತ್ತೆಂದು ಗೊತ್ತಾದದ್ದು ಬಹಳ ತಡವಾಗಿ. ನನ್ನ ಗ್ರಹಚಾರ, ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ಐದು ಗೂಡು, ಎರಡು ಹಳೆಯ ಬಕೆಟ್ಟು, ಒಟ್ಟು ನಲವತ್ತಮೂರು ಪ್ರಾಣಿ.

ಗೂಡು ತೊಳೆಯುವವರು ಯಾರು? ನಾನು. ಹೊಟ್ಟು ತರುವವರು ಯಾರು? ನಾನು. ಉಚ್ಚೆಯ ನಾತ ಅಡಿಗೆಮನೆಗೆ ಬರುತ್ತದೆ ಎಂದು ಅತ್ತೆ ಬಾಗಿಲು ಹಾಕಿಕೊಂಡರೆ ಅದಕ್ಕೆ ಉರಿದುಕೊಳ್ಳುವವಳೂ ನಾನೇ. ಧೃತಿಯ ಗೆಳತಿಯರಿಗೆ ಕೊಟ್ಟವು ವಾರದೊಳಗೆ ಅವರ ಅಮ್ಮಂದಿರ ಜೊತೆ ವಾಪಸ್ಸು ಬಂದವು. ಬ್ಯಾಂಕಿನಲ್ಲಿ ನಾನು ಎದುರಿಗೆ ಬಂದರೆ, ಎಲ್ಲಿ ಮರಿ ಬೇಕಾ ಎಂದು ಕೇಳುತ್ತೇನೋ ಎಂದು ಜನ ಬೇರೆ ಕಡೆ ನೋಡುತ್ತಿದ್ದರು.

ಶೀನಣ್ಣ ಎರಡು ಸಲ ಒಂದೊಂದು ಬುಟ್ಟಿ ಮರಿ ತೆಗೆದುಕೊಂಡ. ಪುಣ್ಯಾತ್ಮ ಎಂದುಕೊಂಡೆ. ಮೂರನೆಯ ಸಲ ಬುಟ್ಟಿ ಹಿಡಿದು ಹೋದಾಗ ಅವನು ನನ್ನನ್ನು ನೋಡಿರಲಿಲ್ಲ. ಆಗೆಲ್ಲ ವಾಸ್ತುವಿಗೆ ಒಳ್ಳೆಯದೆಂದು ಮನೆಮನೆಯಲ್ಲೂ ಅರೋವಾನಾ ಎಂಬ ಮೊಳದುದ್ದದ ಮೀನು ಇಡುವ ಹುಚ್ಚು. ಅಂಗಡಿಯ ದೊಡ್ಡ ಟ್ಯಾಂಕಿನಲ್ಲಿ ಅಂಥದೊಂದು ಮೇಲಿಂದ ಕೆಳಕ್ಕೆ ತಿರುಗುತ್ತಿತ್ತು. ಶೀನಣ್ಣ ಡಬ್ಬಕ್ಕೆ ಕೈ ಹಾಕಿ ಏನೋ ಎತ್ತಿ ನೀರಿಗೆ ಬಿಟ್ಟ. ಅದು ನಾಲ್ಕು ಕಾಲನ್ನೂ ಬಡಿದು ಈಜಿತು. ಆಮೇಲೆ ಮೀನು ಮೇಲೆ ಬಂತು.

"ನಿಮ್ಮಂಥೋರಿಗೆ ಹೇಳೋದು ಬೇಡ ಅಂತ ಸುಮ್ನಿದ್ದೆ ಅಕ್ಕ," ಎಂದ ನನ್ನ ಮುಖ ನೋಡಿ. "ಯಾರೂ ಕೊಳ್ಳಲ್ಲ ಇವನ್ನ. ಎಲ್ಲರ ಮನೇಲೂ ಇದೇ ಕಥೆ. ನಾನಾದ್ರೂ ಏನ್ ಮಾಡ್ಲಿ ಹೇಳಿ."

ಥೂ ಎಂದು ಉಗಿದು ಬುಟ್ಟಿ ಎತ್ತಿಕೊಂಡು ಬಂದೆ. ಆ ಭಾನುವಾರ ಶ್ರೀಹರಿ, ದೇವರು ಕೊಟ್ಟ ಹಸಿರಿರುವಾಗ ಚಿಂತೆ ಯಾಕೆ ಎನ್ನುತ್ತಾ ಅದೇ ಬುಟ್ಟಿಯನ್ನು ಬ್ಯೂಗಲ್ ರಾಕ್ ಪಾರ್ಕಿಗೆ ಬಿಟ್ಟು ಬರಲು ಒಯ್ದರು. ಅರ್ಧ ಗಂಟೆಯಲ್ಲಿ ಖಾಲಿ ಬುಟ್ಟಿಯೊಂದಿಗೆ ವಾಪಸ್ಸಾದರು. "ಕಾಗೆಗಳು ಕಣೇ," ಎಂದಷ್ಟೇ ಹೇಳಿ ತಲೆಗೆ ಸ್ನಾನ ಮಾಡಿದರು. ಅಂದಿನಿಂದ ಅವರಿಗೆ ಬೆಳಿಗ್ಗೆ ಏಳಕ್ಕೇ ಆಫೀಸಿನಲ್ಲಿ ಕೆಲಸವಿರುತ್ತಿತ್ತು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಆಫೀಸು ಬಹಳ ಬೇಗ ತೆರೆಯುತ್ತದೆ.

ನವೆಂಬರಿನ ಒಂದು ಬುಧವಾರ, ಬೆಳಿಗ್ಗೆ ಐದೂವರೆ. ನಲ್ಲಿ ನೀರು ಹಿಡಿಯಲು ಎದ್ದವಳು ಜಗಲಿಗೆ ಬಂದರೆ ಬೋಂಡಾ ಮತ್ತೆ ಹೆತ್ತಿದ್ದಳು. ಒಂಬತ್ತು. ನಾನು ಅಲ್ಲಿಯೇ ನಿಂತು ನೋಡಿದೆ. ಇವಕ್ಕೆ ಹಾಲು ಬೇಕು, ಜಾಗ ಬೇಕು, ಇನ್ನೆರಡು ತಿಂಗಳಿಗೆ ಇವೂ ಹೆರುತ್ತವೆ. ಬಕೆಟ್ಟಿನಲ್ಲಿ ಮುಳುಗಿಸುವುದು ನನ್ನ ಕೈಯಲ್ಲಿ ಆಗುವ ಮಾತಲ್ಲ. ಇರುವೆಗೂ ಸಕ್ಕರೆ ಹಾಕುವ ಮನೆ ನಮ್ಮದು.

ಮೊರ ತಂದೆ. ಹಳೆಯ ಸೀರೆ ಹಾಸಿದೆ. ಮರಿಗಳನ್ನು ಒಂದೊಂದಾಗಿ ಎತ್ತಿ ಇಟ್ಟೆ, ಬೆರಳಿಗೆ ಬೆಚ್ಚಗೆ ತಗುಲಿದವು. ಗೂಡು ತೊಳೆದೆ, ಅರಿಶಿನದ ನೀರು ಚಿಮುಕಿಸಿದೆ, ಸಾಂಬ್ರಾಣಿ ಹಾಕಿದೆ. ಅತ್ತೆ ಅಂದು ಮಾಡಿದ್ದನ್ನು ಒಂದೂ ಬಿಡದೆ ಮಾಡಿದೆ. ಗೂಡನ್ನು ಸ್ವಚ್ಛ ಮಾಡುತ್ತಿದ್ದೇನೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಮರಿಗಳನ್ನು ಒಳಗಿಟ್ಟು, ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತುಬಿಟ್ಟೆ.

ಹೊರಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಇವತ್ತು ಬುಧವಾರ. ಧೂಪ ಯಾಕೆ ಹಾಕ್ದೆ?"

"ನಾತ ಹೊಡೀತಿತ್ತು, ಹಾಕ್ದೆ. ಅದಕ್ಕೂ ಕೇಳ್ಬೇಕಾ?" ಎಂದು ರೇಗಿದೆ.

ಅವರು ಗೂಡಿನ ಕಡೆ ನೋಡಿದರು, ನನ್ನ ಕೈಯ ಅರಿಶಿನ ನೋಡಿದರು. "ನಾನು ತಿಳೀದೇ ಮಾಡಿದ್ದೆ ಶೈಲಜಾ," ಎಂದರು. ಒಳಗೆ ಹೋಗಿ ಹೂ ಕಟ್ಟುತ್ತಾ ಕೂತರು.

ಧೃತಿಗೆ ಎದ್ದ ಮೇಲೆ ಹೇಳಿದೆ, ಬೋಂಡಾ ಮತ್ತೆ ಮರಿಗಳನ್ನು ತಿಂದುಬಿಟ್ಟಳು ಎಂದು. ಅವಳ ಮುಖ ಕೆಂಪಾಯಿತು. "ರಾಕ್ಷಸಿ! ಈ ಸಲ ಯಾರೂ ಮುಟ್ಟಿರ್ಲಿಲ್ಲ ಅಲ್ವಾ ಅಮ್ಮ? ಸುಮ್ ಸುಮ್ನೆ ತಿಂದ್ಳು," ಎಂದು ಗೂಡಿಗೆ ಗುದ್ದಿದಳು. ಇಲ್ಲ ಎಂದು ನಾನು ತಲೆಯಾಡಿಸಿದೆ. ನಾನು ಮಾಡಿದ್ದನ್ನು ಮುಷ್ಟಿಯಷ್ಟಿಲ್ಲದ ಒಂದು ಪ್ರಾಣಿಯ ತಲೆಗೆ ಕಟ್ಟಿ, ಬಿಸಿ ದೋಸೆ ಹಾಕಿ ಮಗಳನ್ನು ಶಾಲೆಗೆ ಕಳಿಸಿದೆ. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೂ ಮೂರು ವಾರದ ಮೇಲೆ ಮತ್ತೆ ಮಾಡಿದೆ. ಬೋಂಡಾಳ ಗೂಡು, ಆಮೇಲೆ ಅವಳ ಮಗಳ ಗೂಡು, ಮತ್ತೆ ಬೋಂಡಾಳ ಗೂಡು. ಪ್ರತಿ ಸಲವೂ ಮೊರ, ಅರಿಶಿನ, ಧೂಪ, ಆಮೇಲೆ ಬಚ್ಚಲಿನ ನಲ್ಲಿ.

ಧೃತಿ ಮೊದಮೊದಲು ಬೋಂಡಾಳಿಗೆ ಕಾಳು ಹಾಕುವುದನ್ನೇ ಬಿಟ್ಟಿದ್ದಳು. ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆದರೆ ಎರಡನೆಯ ಸಲದ ಮೇಲೆ ಬೈಗುಳ ನಿಂತಿತು. ಶಾಲೆಯಿಂದ ಬಂದು ಗೂಡಿನ ಮುಂದೆ ಕೂತು ಬೋಂಡಾಳಿಗೆ ಒಂದೊಂದೇ ಕಡಲೆಬೀಜ ಕೊಡುವುದು ಕಂಡಿತು. ಅಬ್ಬಾ, ಮಕ್ಕಳು ಬೇಗ ಮರೆಯುತ್ತವೆ ಎಂದುಕೊಂಡೆ. ಎಂಥ ಪೆದ್ದಿ ನಾನು.

ಜನವರಿಯಲ್ಲಿ ನನಗೇ ಸಾಕಾಯಿತು. ಕೈಗೆಷ್ಟು ಸೋಪು ಹಚ್ಚಿದರೂ ಕೌಂಟರಿನಲ್ಲಿ ಕೂತಾಗ ಸಾಂಬ್ರಾಣಿಯ ವಾಸನೆ ಬಂದಂತಾಗುತ್ತಿತ್ತು. ಒಂದು ದಿನ ತಡೆಯಲಾರದೆ, ಪಕ್ಕದ ಕೌಂಟರಿನ ಶಿವರುದ್ರಪ್ಪನವರ ಹತ್ತಿರ ಎಲ್ಲವನ್ನೂ ಅಲ್ಲ, ನಲವತ್ತು ಪ್ರಾಣಿಗಳ ವಿಷಯ ಹೇಳಿಕೊಂಡೆ. ಅವರ ಷಡ್ಡಕ ದನದ ಡಾಕ್ಟರು. "ಅದಕ್ಯಾಕಮ್ಮ ಇಷ್ಟು ಒದ್ದಾಡ್ತೀರಿ? ಬಂದು ನೋಡಿ ಹೇಳ್ತಾರೆ," ಎಂದರು. ಆ ಡಾಕ್ಟರು ಗುರುವಾರ ಸಂಜೆ ಬಂದು, ಕಾಫಿ ಆರುವಷ್ಟರಲ್ಲಿ ಗಂಡು ಹೆಣ್ಣು ಬೇರೆ ಮಾಡಿ, ಗೂಡುಗಳಿಗೆ ಚೀಟಿ ಅಂಟಿಸಿ ಹೋದರು. "ಈ ಬೋಂಡಾ ನಾಳೆಯೋ ನಾಡಿದ್ದೋ ಹೆರುತ್ತೆ. ಇನ್ನೆರಡು ಬಸುರಾಗಿವೆ. ಅಷ್ಟೇ, ಆಮೇಲೆ ಒಂದೂ ಹುಟ್ಟಲ್ಲ," ಎಂದರು. ಡಾಕ್ಟರನ್ನು ಕೇಳಬೇಕೆಂದು ಏಳು ತಿಂಗಳು ನನಗೆ ಹೊಳೆದಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಈ ಮೂರು ಹೆರಿಗೆಯ ಒಂದು ಮರಿಯನ್ನೂ ಮುಟ್ಟುವುದಿಲ್ಲ ಎಂದು ಅಂದೇ ನಿಶ್ಚಯ ಮಾಡಿದೆ. ಎಲ್ಲವನ್ನೂ ಬದುಕಿಸುವುದು, ಸಾಯುವ ತನಕ ಸಾಕುವುದು. ಧೃತಿಗೆ ನಿಜ ಹೇಳುವುದು. ಬೋಂಡಾಳದು ಏನೂ ತಪ್ಪಿಲ್ಲ, ತಪ್ಪು ನಿನ್ನ ಅಮ್ಮನದು, ನೀನು ಯಾವತ್ತೂ ಹೀಗೆ ಮಾಡಬೇಡ ಎಂದು ಹೇಳುವುದು. ಬೈದರೆ ಬೈಯಲಿ, ಒಂದು ವಾರ ಮಾತು ಬಿಟ್ಟರೆ ಬಿಡಲಿ. ನನ್ನನ್ನು ಅವಳು ಆಮೇಲೂ ನಂಬುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ಹೆದರಿಕೆ. ಶನಿವಾರ ಬ್ಯಾಂಕು ಅರ್ಧ ದಿನ. ಮನೆಗೆ ನಡೆದು ಬರುವಾಗ ಹೇಗೆ ಶುರು ಮಾಡಬೇಕೆಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಬಂದೆ. ದಾರಿಯಲ್ಲಿ ಅವಳಿಗೆಂದು ಕಾಲು ಕೇಜಿ ಮೈಸೂರು ಪಾಕ್ ಕೂಡ ಕಟ್ಟಿಸಿಕೊಂಡೆ.

ಗೇಟು ತೆಗೆಯುವಾಗಲೇ ಸಾಂಬ್ರಾಣಿಯ ವಾಸನೆ ಬಂತು.

ಅತ್ತೆ ಹಾಕಿರಲಾರರು, ಅವರು ಮಠದ ಪ್ರವಚನಕ್ಕೆ ಹೋಗಿದ್ದರು. ನಡುಮನೆಯಲ್ಲಿ ಶ್ರೀಹರಿ ಮುಖದ ಮೇಲೆ ಪೇಪರ್ ಹಾಕಿಕೊಂಡು ನಿದ್ದೆ ಮಾಡುತ್ತಿದ್ದರು. ಹಿತ್ತಿಲಿಗೆ ಓಡಿದೆ.

ಧೃತಿ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಫ್ರಾಕಿನ ಮುಂಭಾಗ ಒದ್ದೆಯಾಗಿತ್ತು. ಪಕ್ಕದಲ್ಲಿ ಮೊರ, ಅದರ ಮೇಲೆ ಹಳೆಯ ಸೀರೆಯ ತುಂಡು. ಲೋಟದಲ್ಲಿ ಅರಿಶಿನದ ನೀರು. ಧೂಪದ ಬಟ್ಟಲಿನಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಗೂಡು ಸ್ವಚ್ಛವಾಗಿತ್ತು, ಹೊಸ ಹೊಟ್ಟು ಸಮನಾಗಿ ಹರಡಿತ್ತು.

"ಬೋಂಡಾಗೆ ಹತ್ತು ಮರಿ ಅಮ್ಮ. ನೀನು ಬ್ಯಾಂಕಿಗೆ ಹೋದ್ಮೇಲೆ ಆಯ್ತು," ಎಂದಳು. "ನಾನೇ ತೊಳ್ದೆ. ನೀನು ಮಾಡೋ ಥರಾನೇ."

"ನಾನು ಮಾಡೋದು ಯಾವಾಗ ನೋಡ್ದೆ ಪುಟ್ಟಾ?"

"ಎರಡನೇ ಸಲ. ಬಾತ್‌ರೂಮಿಗೆ ಅಂತ ಎದ್ದಿದ್ದೆ. ಆಮೇಲೆ ಎಲ್ಲಾ ಸಲಾನೂ."

"ಗೊತ್ತಿದ್ದೂ ಯಾಕೆ ಮಾಡ್ದೆ? ಅಯ್ಯೋ, ಇನ್ನು ಅದರ ಅವಶ್ಯಕತೆನೇ ಇರ್ಲಿಲ್ಲ ಕಣೇ. ಡಾಕ್ಟರು ಹೇಳ್ಲಿಲ್ವಾ, ಇನ್ನು ಜಾಸ್ತಿ ಆಗಲ್ಲ ಅಂತ? ಯಾಕೆ ಮಾಡ್ದೆ ಹೇಳು!"

ನಾನು ಕೂಗಿದ್ದಕ್ಕೆ ಅವಳು ಬೆರಳನ್ನು ತುಟಿಯ ಮೇಲಿಟ್ಟಳು. "ಮೆಲ್ಲಗೆ ಅಮ್ಮ. ಇನ್ನೂ ಮೂರಿದೆ. ಮುಗೀಲಿ."

ಗೂಡಿನ ಮೂಲೆಯಲ್ಲಿ ಬೋಂಡಾ ನಮಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಭುಜ ಅಲ್ಲಾಡುತ್ತಿತ್ತು. ಆ ಮೂರನ್ನು ಎತ್ತಿಕೊಳ್ಳಲೆಂದು ಕೈ ಚಾಚಿದೆ. ಎತ್ತಿ ಏನು ಮಾಡಲಿ? ತಾಯಿಯಿಲ್ಲದೆ ಅವು ಸಂಜೆಯ ತನಕವೂ ಇರಲಾರವು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ನೀನು ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ," ಎಂದಳು ಧೃತಿ, ಹೋಂವರ್ಕ್ ಮುಗಿಸಿದ್ದನ್ನು ಹೇಳುವಷ್ಟು ಸಲೀಸಾಗಿ. "ನಾನು ಮಾಡಿದ್ರೆ ನಿಂಗೆ ಅಳು ಬರಲ್ಲ ಅಂತ ಮಾಡ್ದೆ."

ನಾನು ನೆಲದ ಮೇಲೆ ಕುಸಿದು ಕೂತು ಅವಳ ಎರಡೂ ಕೈ ಹಿಡಿದುಕೊಂಡೆ. ಅಂಗೈ ತುಂಬ ಅರಿಶಿನ. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಉಗುಳು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ಇಷ್ಟು ಹೊತ್ತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತಿನಲ್ಲಿ ಒಂದೂ ನೆನಪಾಗಲಿಲ್ಲ. ಉಜ್ಜುತ್ತಲೇ ಇದ್ದೆ.

"ಅಮ್ಮ, ಅಳ್ಬೇಡ," ಎಂದಳು ನನ್ನ ಮಗಳು. "ನಾನು ನೋಡು, ಒಂದು ಚೂರೂ ಅಳ್ಲಿಲ್ಲ."